ಕೈಯಳತೆಯ ಕತ್ತಿ: ಉಡುಗೊರೆಗೆ ಪೀಶಕತ್ತಿ, ಮೆಟ್ಟುಕತ್ತಿ ಮಾಡುವ ಬಗೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹೆಚ್ಚಿನ ಅಡುಗೆಕೋಣೆಗಳಲ್ಲಿ ಎರಡು ಬಗೆಯ ಕತ್ತಿಗಳಿರುತ್ತವೆ. ಒಂದು, ದಿನಾ ಬೆಳಗ್ಗೆ ಕೈಗೆ ಬರುವ, ಮಸೆದು ಮಸೆದು ಸಪೂರವಾದ ಹಳೇ ಪೀಶಕತ್ತಿ, ಅಂದರೆ ಕೈಯಲ್ಲಿ ಹಿಡಿದು ತರಕಾರಿ ಕೊರೆಯುವ ಸಣ್ಣ ಕತ್ತಿ. ಇನ್ನೊಂದು, ಮನೆಯೊಕ್ಕಲಿಗೋ ಮದುವೆಗೋ ಯಾರೋ ಕೊಟ್ಟು, ಬಣ್ಣದ ಪೆಟ್ಟಿಗೆಯಲ್ಲೇ ಉಳಿದ ಹೊಳೆಯುವ ಚಾಕುಗಳ ಸೆಟ್ಟು. ಆ ಸೆಟ್ಟಿನಲ್ಲಿ ಹೇಳಿಕೊಳ್ಳುವ ಕೊರತೆ ಏನೂ ಇರಲಿಕ್ಕಿಲ್ಲ. ಆದರೆ ಅದನ್ನು ಮಾಡುವಾಗ ಯಾರ ಕೈಯನ್ನೂ ನೋಡಿರಲಿಲ್ಲ. ಒಬ್ಬರ ಕೈಯಳತೆಗೆ, ಅವರು ದಿನಾ ಕೊರೆಯುವ ತರಕಾರಿಗೆ ಹೊಂದುವಂತೆ ಒಂದು ಕತ್ತಿ ಮಾಡಿ ಕೊಟ್ಟರೆ ಅದು ಅಟ್ಟ ಹತ್ತುವುದಿಲ್ಲ, ಮರುದಿನವೇ ಕೆಲಸಕ್ಕೆ ಇಳಿಯುತ್ತದೆ. ಅಂಥ ಕತ್ತಿಯನ್ನು ಮನೆಯ ಅಂಗಳದಲ್ಲಿ, ಬೇಕಾದಲ್ಲಿ ಕಬ್ಬಿಣದ ಕೆಲಸದ ಆಚಾರಿಯ ನೆರವು ಪಡೆದು, ಹೇಗೆ ಮಾಡುವುದು ಎಂದು ಇಲ್ಲಿ ಹೇಳುತ್ತೇನೆ. ಮೊದಲು ಪೀಶಕತ್ತಿ, ಆಮೇಲೆ ಮೆಟ್ಟುಕತ್ತಿ, ಅಂದರೆ ಮಣೆಗೆ ನೆಟ್ಟ, ಕಾಲಿನಿಂದ ಮೆಟ್ಟಿ ಹಿಡಿದು ಕೊರೆಯುವ ಕತ್ತಿ.

ಮೊದಲು ಅವರ ಹಳೇ ಕತ್ತಿಯನ್ನು ನೋಡಿ

ಗುಜರಿ ಅಂಗಡಿಗೆ ಹೋಗುವ ಮುಂಚೆ ಉಡುಗೊರೆ ಪಡೆಯುವವರ ಅಡುಗೆಕೋಣೆಗೆ ಹೋಗಿ. ನಿಮಗೆ ಬೇಕಾದ ಅಳತೆಯೆಲ್ಲ ಅವರ ಹಳೇ ಕತ್ತಿಯಲ್ಲೇ ಇದೆ.

ಹಿಡಿಗೆ ಬಟ್ಟೆಯನ್ನೋ ಸೈಕಲ್ ಟ್ಯೂಬನ್ನೋ ಸುತ್ತಿದ್ದರೆ ಆ ಹಿಡಿ ಅವರ ಕೈಗೆ ಸಪೂರವಾಯಿತು ಎಂದರ್ಥ. ಕತ್ತಿಯ ಬಾಯಿ, ಅಂದರೆ ಕೊರೆಯುವ ಅಂಚು, ಹಿಡಿಯ ಹತ್ತಿರದ ಭಾಗದಲ್ಲಿ ಮಾತ್ರ ಸವೆದು ಒಳಕ್ಕೆ ಹೋಗಿದ್ದರೆ ಅವರು ಕತ್ತಿಯ ಬುಡದಲ್ಲೇ ಕೊರೆಯುತ್ತಾರೆ. ಅಂಥವರಿಗೆ ಉದ್ದದ ಕತ್ತಿ ಮಾಡಿ ಪ್ರಯೋಜನವಿಲ್ಲ. ತುದಿ ಮುರಿದಿದ್ದರೆ ಅದರಲ್ಲಿ ತೆಂಗಿನಕಾಯಿ ಹೋಳು ಎಬ್ಬಿಸಿದ್ದಾರೆ, ಡಬ್ಬಿಯ ಮುಚ್ಚಳ ತೆಗೆದಿದ್ದಾರೆ. ಹೊಸ ಕತ್ತಿಗೆ ಚೂಪು ತುದಿ ಇಡದೆ ದುಂಡಗೆ ಮಾಡಿ. ಬೆನ್ನಿನ ಮೇಲೆ ಒಂದು ಕಡೆ ಮಾತ್ರ ನುಣುಪಾಗಿ ಹೊಳೆಯುತ್ತಿದ್ದರೆ ಅದು ತೋರುಬೆರಳು ಊರುವ ಜಾಗ. ಆ ಜಾಗವನ್ನು ನೀವು ಅರದಲ್ಲಿ ಉಜ್ಜಿ ಉರುಟು ಮಾಡಿ ಕೊಟ್ಟರೆ ಬೆರಳಿಗೆ ದಡ್ಡು ಕಟ್ಟುವುದಿಲ್ಲ. ಎಡಗೈಯವರಾದರೆ ಇನ್ನೊಂದು ಸಂಗತಿ ಗಮನಿಸಬೇಕು: ನಮ್ಮಲ್ಲಿ ಒಂದೇ ಮಗ್ಗುಲು ಇಳಿಜಾರು ಮಾಡಿದ ಕತ್ತಿಗಳು ಬಲಗೈಗೆ ಅಂತಲೇ ಇರುವಂಥವು. ಎಡಗೈಯಲ್ಲಿ ಹಿಡಿದರೆ ಸೌತೆಕಾಯಿಯ ಹೋಳು ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಬರುತ್ತದೆ. ಅವರಿಗೆ ಇಳಿಜಾರನ್ನು ಮತ್ತೊಂದು ಮಗ್ಗುಲಿಗೆ ಮಾಡಿ, ಅಥವಾ ಎರಡೂ ಕಡೆ ಸಮ ಮಾಡಿ.

ಸಾಧ್ಯವಾದರೆ ಕೊರೆಯುವುದನ್ನು ನೋಡಿ. "ಅತ್ತೆ, ಈ ಕತ್ತಿಯಲ್ಲಿ ನಿಮಗೆ ಏನು ಸರಿ ಇಲ್ಲ?" ಅಂತ ನೇರ ಕೇಳಿದರೆ "ಎಲ್ಲ ಸರಿ ಉಂಟು ಮಗಾ" ಎಂದೇ ಹೇಳುತ್ತಾರೆ. ಹತ್ತಿರ ಕುಳಿತು ಎರಡು ಬಾಳೆಕಾಯಿ ಕೊರೆಯುವಷ್ಟು ಹೊತ್ತು ಮಾತಾಡಿದರೆ ನಿಜ ಹೊರಬರುತ್ತದೆ: "ತಲೆ ಭಾರ ಇದು. ಸ್ವಲ್ಪ ಹೊತ್ತಿನಲ್ಲಿ ಕೈ ಸೋಲ್ತದೆ." ಈ ಒಂದು ಮಾತಿನಿಂದ ಅಲಗಿನ ದಪ್ಪವೂ ಹಿಡಿಯ ತೂಕವೂ ತೀರ್ಮಾನವಾಗುತ್ತದೆ.

ಗುಟ್ಟಾಗಿ ಮಾಡಿ ಕೊಡುವ ಆಸೆಯಿದ್ದರೆ ಹಳೇ ಕತ್ತಿಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಿ. ನಾಲ್ಕು ಬೆರಳು ಸೇರಿಸಿದ ಅಂಗೈಯ ಅಗಲಕ್ಕೆ ಒಂದು ಬೆರಳಗಲ ಸೇರಿಸಿದರೆ ಹಿಡಿಯ ಉದ್ದ. ಹೆಚ್ಚಿನವರಿಗೆ ಅದು 10ರಿಂದ 12 ಸೆಂ.ಮೀ. ಆಗುತ್ತದೆ. ತೊಂಡೆ, ಅಳಸಂಡೆ, ಬೆಂಡೆಗೆ 9ರಿಂದ 10 ಸೆಂ.ಮೀ. ಅಲಗು ಸಾಕು. ಸೌತೆ, ಕುಂಬಳ, ಬಾಳೆದಿಂಡಿಗೆ 13ರಿಂದ 15 ಸೆಂ.ಮೀ. ಇರಲಿ. ಅಗಲ 3 ಸೆಂ.ಮೀ. ಇದ್ದರೆ ಕೈಗೂ ಹಗುರ, ವರ್ಷಗಟ್ಟಲೆ ಮಸೆದರೂ ಉಳಿಯುತ್ತದೆ.

ಕಬ್ಬಿಣ

ಕಟ್ಟಡದ ಸರಳಿನಿಂದ ಕತ್ತಿ ಮಾಡಬಹುದೇ ಎಂದು ಕೇಳುವವರು ಬಹಳ. ಬೇಡ. ಅದರಲ್ಲಿ ಇಂಗಾಲ ತೀರಾ ಕಡಿಮೆ; ಎಷ್ಟು ಕಾಯಿಸಿ ಅದ್ದಿದರೂ ಬಾಯಿ ನಿಲ್ಲುವಷ್ಟು ಗಟ್ಟಿಯಾಗುವುದಿಲ್ಲ. ಕತ್ತಿಗೆ ನೂರಕ್ಕೆ ಅರ್ಧ ಭಾಗಕ್ಕಿಂತ ಹೆಚ್ಚು ಇಂಗಾಲವಿರುವ ಉಕ್ಕು ಬೇಕು. ಅದು ನಮ್ಮ ಊರಲ್ಲಿ ಎರಡು ಕಡೆ ಸುಲಭವಾಗಿ ಸಿಗುತ್ತದೆ.

ಒಂದು, ಮರದ ಮಿಲ್ಲಿನ ಪಟ್ಟಿ ಗರಗಸ. ಹಲ್ಲು ಸವೆದೋ ತುಂಡಾಗಿಯೋ ಮೂಲೆ ಸೇರಿದ ಬ್ಲೇಡನ್ನು ಕೇಳಿದರೆ ಕೊಡುತ್ತಾರೆ. ದಪ್ಪ 1 ಮಿ.ಮೀ. ಆಸುಪಾಸು ಇರುವುದರಿಂದ ಬಡಿಯುವ ಕೆಲಸವೇ ಇಲ್ಲ, ಕತ್ತರಿಸಿ ಉಜ್ಜಿದರೆ ಸಾಕು. ಮೊದಲ ಕತ್ತಿಗೆ ನಾನು ಹೇಳುವುದು ಇದನ್ನೇ.

ಇನ್ನೊಂದು, ಜೀಪು ಲಾರಿಗಳ ಸ್ಪ್ರಿಂಗ್ ಪ್ಲೇಟು. ಇದು ಒಳ್ಳೇ ಉಕ್ಕು, ಆದರೆ 6ರಿಂದ 8 ಮಿ.ಮೀ. ದಪ್ಪ, ಕುಲುಮೆಯಲ್ಲಿ ಕಾಯಿಸಿ ಬಡಿದು ತೆಳು ಮಾಡಬೇಕು. ಮೆಟ್ಟುಕತ್ತಿಗೆ ಇದೇ ಸರಿ. ಮುರಿದ ಪ್ಲೇಟಾದರೆ ಮುರಿದ ಜಾಗದ ಹತ್ತಿರದ ಭಾಗ ಬಿಟ್ಟುಬಿಡಿ. ಕಣ್ಣಿಗೆ ಕಾಣದ ಬಿರುಕು ಅಲ್ಲಿದ್ದರೆ ಅದ್ದುವ ಹೊತ್ತಿಗೆ ಟಣ್ಣೆಂದು ಬಿಡುತ್ತದೆ.

ಸಿಕ್ಕಿದ ತುಂಡು ಯಾವ ಜಾತಿಯದೆಂದು ಗೊತ್ತಾಗದಿದ್ದರೆ ಗ್ರೈಂಡರಿಗೆ ಒಮ್ಮೆ ತಾಗಿಸಿ ಕಿಡಿ ನೋಡಿ. ಮೆದು ಕಬ್ಬಿಣದ ಕಿಡಿ ಉದ್ದಕ್ಕೆ ನೇರ ಹೋಗಿ ಆರುತ್ತದೆ. ಇಂಗಾಲ ಹೆಚ್ಚಿದ್ದರೆ ಕಿಡಿಯ ತುದಿ ಒಡೆದು ಕವಲಾಗಿ ನಕ್ಷತ್ರದಂತೆ ಚಿಮ್ಮುತ್ತದೆ. ಪಕ್ಕದಲ್ಲಿ ಒಂದು ಮೊಳೆಯನ್ನೂ ತಾಗಿಸಿ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟ.

ಸತುವಿನ ಲೇಪವಿರುವ ಜಿ.ಐ. ತಗಡು, ಕ್ರೋಮಿಯಂ ಹಚ್ಚಿದ ಭಾಗಗಳನ್ನು ಬೆಂಕಿಗೆ ಹಾಕಲೇಬೇಡಿ, ಆ ಹೊಗೆ ವಿಷ. ಸ್ಪ್ರಿಂಗ್ ಪ್ಲೇಟಿನ ಮೇಲೆ ಹಳೇ ಬಣ್ಣವಿದ್ದರೆ ಸುಟ್ಟು ತೆಗೆಯದೆ ಕೆರೆದು ತೆಗೆಯಿರಿ.

ಆಕಾರ ಕೊಡುವುದು

ಮೊದಲು ರಟ್ಟಿನಲ್ಲಿ ಕತ್ತರಿಸಿ. ಹಿಡಿ ಸಮೇತ ಪೂರ್ತಿ ಕತ್ತಿಯ ಆಕಾರ ಕತ್ತರಿಸಿ, ಕೈಯಲ್ಲಿ ಹಿಡಿದು, ಮಣೆಯ ಮೇಲೆ ಕೊರೆದ ಹಾಗೆ ಮಾಡಿ ನೋಡಿ. ಗೆಣ್ಣು ಮಣೆಗೆ ತಾಗುತ್ತದೆಯೇ? ಹಾಗಾದರೆ ಅಲಗಿನ ಬುಡ ಹಿಡಿಗಿಂತ ಇನ್ನೂ ಕೆಳಗೆ ಇಳಿದಿರಬೇಕು. ರಟ್ಟಿನಲ್ಲಿ ತಿದ್ದುವುದಕ್ಕೆ ಕತ್ತರಿ ಸಾಕು, ಉಕ್ಕಿನಲ್ಲಿ ತಿದ್ದಲು ಅರ್ಧ ದಿನ ಬೇಕು.

ರಟ್ಟಿನ ಗೆರೆಯನ್ನು ಉಕ್ಕಿನ ಮೇಲೆ ಮೊಳೆಯಲ್ಲಿ ಗೀರಿಕೊಂಡು ಗ್ರೈಂಡರಿನ ತೆಳು ಕಟಿಂಗ್ ಡಿಸ್ಕಿನಲ್ಲಿ ಗೆರೆಯಿಂದ 2 ಮಿ.ಮೀ. ಹೊರಗೆ ಕತ್ತರಿಸಿ. ಉಳಿದದ್ದನ್ನು ಅರದಲ್ಲಿ ತನ್ನಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಲುಂಗಿ, ಶಾಲು, ಜೋಲುವ ತೋಳು ಬೇಡ. ಗ್ರೈಂಡರಿನ ಗಾರ್ಡ್ ತೆಗೆದಿಟ್ಟು ಕೆಲಸ ಮಾಡುವ ಅಭ್ಯಾಸ ಹಲವರಿಗಿದೆ. ಅದು ಜೀವದ ಮೇಲಿನ ಆಟ. ಕಿಡಿ ಹಾರುವ ದಿಕ್ಕಿನಲ್ಲಿ ಅಡಿಕೆ ಸಿಪ್ಪೆಯ ರಾಶಿಯೋ ಒಣ ಸೋಗೆಯೋ ಇಲ್ಲವೆಂದು ನೋಡಿಕೊಳ್ಳಿ.

ಇಲ್ಲಿ ದಾರಿ ಎರಡಾಗುತ್ತದೆ. ಮಿಲ್ಲಿನ ಬ್ಲೇಡಿಗೆ ಕಾರ್ಖಾನೆಯಲ್ಲೇ ಹದ ಕೊಟ್ಟಿರುತ್ತಾರೆ, ಅಂದರೆ ಕಾಯಿಸಿ ಅದ್ದಿ ಬೇಕಾದಷ್ಟು ಗಟ್ಟಿ ಮಾಡಿರುತ್ತಾರೆ. ಅದನ್ನು ಕೆಡಿಸದೆ, ಬಿಸಿಯಾಗದಂತೆ ನೀರಿನಲ್ಲಿ ಅದ್ದಿ ಅದ್ದಿ ಉಜ್ಜಿದರೆ ಬೆಂಕಿಯೇ ಬೇಡ. ಗರಗಸದ ಹದ ಅಡುಗೆ ಕತ್ತಿಗಿಂತ ಮೆದು, ಆದ್ದರಿಂದ ಬಾಯಿ ಬೇಗ ಹೋಗುತ್ತದೆ, ಆದರೆ ಮಸೆಯುವುದೂ ಸುಲಭ. ಮಸೆಕಲ್ಲು ಇರುವ, ಮೆದು ತರಕಾರಿ ಕೊರೆಯುವ ಮನೆಗೆ ಇದು ಒಳ್ಳೆಯ ಉಡುಗೊರೆಯೇ. ಉಕ್ಕು ಬಿಸಿಯಾಗಿ ನೀಲಿ ಬಣ್ಣ ತಿರುಗಿದರೆ ಆ ಜಾಗ ಇನ್ನಷ್ಟು ಮೆದುವಾಯಿತು ಎಂದು ತಿಳಿಯಿರಿ. ಬರಿಗೈಯಲ್ಲಿ ಹಿಡಿದು ಉಜ್ಜಿ. ಕೈಗೆ ಬಿಸಿ ತಡೆಯದಾದಾಗ ನೀರಿಗೆ ಅದ್ದಿ.

ಬಾಯಿ ಹೆಚ್ಚು ದಿನ ನಿಲ್ಲಬೇಕಾದರೆ ಎರಡನೆಯ ದಾರಿ. ಆಕಾರ ಕತ್ತರಿಸಿದ ಮೇಲೆ ಉಕ್ಕನ್ನು ಕೆಂಪಗೆ ಕಾಯಿಸಿ, ಒಲೆಯ ಬೂದಿಯಲ್ಲಿ ಹೂತಿಟ್ಟು ಬೆಳಗಿನ ತನಕ ಬಿಡಿ. ನಿಧಾನ ತಣಿದ ಉಕ್ಕು ಅರಕ್ಕೂ ಡ್ರಿಲ್ಲಿಗೂ ಬಗ್ಗುತ್ತದೆ. ಹಿಡಿಯ ಭಾಗದಲ್ಲಿ ಆಣಿಗೆ 4 ಮಿ.ಮೀ. ತೂತುಗಳನ್ನು ಈಗಲೇ ಕೊರೆಯಿರಿ, ಗಟ್ಟಿಯಾದ ಮೇಲೆ ಡ್ರಿಲ್ ಇಳಿಯುವುದಿಲ್ಲ. ಅಲಗಿನ ಇಳಿಜಾರನ್ನು ಬೆನ್ನಿನ ಹತ್ತಿರದಿಂದಲೇ ಶುರು ಮಾಡಿ, ಉದ್ದಕ್ಕೆ ಅರ ಎಳೆದು ಇಳಿಸುತ್ತ ಬನ್ನಿ. ತರಕಾರಿ ಕತ್ತಿಯ ಗುಣವೆಲ್ಲ ಈ ಇಳಿಜಾರಿನಲ್ಲಿದೆ. ಬಾಯಿ ಎಷ್ಟೇ ಹರಿತವಿರಲಿ, ಅದರ ಹಿಂದೆ ಉಕ್ಕು ದಪ್ಪವಿದ್ದರೆ ಸುವರ್ಣಗೆಡ್ಡೆ ಕೊರೆದು ಹೋಳಾಗುವ ಬದಲು ಸೀಳಿ ಒಡೆಯುತ್ತದೆ. ಆದರೆ ಬೆಂಕಿಗೆ ಹಾಕುವ ಮುಂಚೆ ಬಾಯನ್ನು ಪೂರ್ತಿ ಹರಿತ ಮಾಡಬಾರದು. ಎರಡು ಪೋಸ್ಟ್‌ಕಾರ್ಡಿನಷ್ಟು ದಪ್ಪ, ಅಂದರೆ ಸುಮಾರು ಅರ್ಧ ಮಿ.ಮೀ. ಉಳಿಸಿ. ತೀರಾ ತೆಳು ಮಾಡಿದರೆ ಅದ್ದುವಾಗ ಬಾಯಿ ಅಲೆಯಲೆಯಾಗಿ ತಿರುಚಿಕೊಳ್ಳುತ್ತದೆ.

ಹದ ಕೊಡುವುದು

ಆಚಾರಿ ಹದ ಕೊಡುವುದನ್ನು ಒಮ್ಮೆಯಾದರೂ ನಿಂತು ನೋಡಬೇಕು. ಕೆಂಪಗೆ ಕಾದ ಅಲಗಿನ ಬಾಯಿಯ ಕಡೆಯನ್ನು ಮಾತ್ರ ಅದ್ದಿ ತೆಗೆದು, ಒಂದು ಕಲ್ಲಿನ ಚೂರಿನಿಂದ ಪಕ್ಕನೆ ಉಜ್ಜಿ ಹೊಳಪು ಬರಿಸುತ್ತಾರೆ. ಬೆನ್ನಿನಲ್ಲಿ ಉಳಿದ ಬಿಸಿ ಬಾಯಿಯ ಕಡೆಗೆ ಇಳಿಯುವಾಗ ಆ ಹೊಳಪಿನ ಮೇಲೆ ಬಣ್ಣಗಳು ಓಡುತ್ತವೆ: ಮುಂದೆ ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿ ಬಾಯಿಗೆ ಮುಟ್ಟಿದ ಕ್ಷಣಕ್ಕೆ ಪೂರ್ತಿ ಅಲಗನ್ನು ಅದ್ದಿಬಿಡುತ್ತಾರೆ. ಬಾಯಿ ಗಟ್ಟಿ, ಬೆನ್ನು ಜಿಗುಟು. ಎಲ್ಲ ಮುಗಿಯುವುದು ನಾಲ್ಕೈದು ಉಸಿರು ಎಳೆಯುವಷ್ಟರಲ್ಲಿ. ಈ ಕಣ್ಣಳತೆ ನಮಗೆ ಸುಲಭಕ್ಕೆ ಬರುವಂಥದ್ದಲ್ಲ, ಹಾಗಾಗಿ ಅದೇ ಕೆಲಸವನ್ನು ನಾವು ಎರಡು ಹಂತದಲ್ಲಿ ನಿಧಾನ ಮಾಡುತ್ತೇವೆ.

ಬೆಂಕಿಗೆ ತೆಂಗಿನ ಗೆರಟೆಯ ಇದ್ದಿಲು ಬಹಳ ಒಳ್ಳೆಯದು, ಕಾವು ಜೋರು, ಹೊಗೆ ಇಲ್ಲ. ನಾಲ್ಕಾರು ಇಟ್ಟಿಗೆಯಿಂದ ಉದ್ದನೆಯ ಗುಂಡಿ ಮಾಡಿ, ಕೆಳಗಿನಿಂದ ಒಂದು ಕಬ್ಬಿಣದ ಪೈಪ್ ತೂರಿಸಿ, ಅದಕ್ಕೆ ಸಣ್ಣ ಬ್ಲೋವರ್ ಜೋಡಿಸಿದರೆ ಕುಲುಮೆಯಾಯಿತು. ಕೆಲಸಕ್ಕೆ ಮುಸ್ಸಂಜೆ ಹೊತ್ತು ಆರಿಸಿಕೊಳ್ಳಿ. ಬಿಸಿಲಲ್ಲಿ ಕಬ್ಬಿಣದ ಬಣ್ಣ ಕಣ್ಣಿಗೆ ಸಿಗುವುದಿಲ್ಲ.

ಪಕ್ಕದಲ್ಲಿ ಉದ್ದನೆಯ ತಗಡಿನ ಡಬ್ಬಿಯಲ್ಲಿ 2ರಿಂದ 3 ಲೀಟರ್ ಎಣ್ಣೆ ಇರಲಿ. ತೆಂಗಿನೆಣ್ಣೆಯಾಗಲಿ ಬೇರೆ ಅಡುಗೆ ಎಣ್ಣೆಯಾಗಲಿ ನಡೆಯುತ್ತದೆ, ನೀರಿನ ಅಂಶ ಮಾತ್ರ ಇರಬಾರದು. ಒಂದು ಕಬ್ಬಿಣದ ತುಂಡು ಕಾಯಿಸಿ ಅದ್ದಿ ಎಣ್ಣೆಯನ್ನು ಸುಮಾರು 50 ಡಿಗ್ರಿಗೆ ತನ್ನಿ. ಬೆಚ್ಚಗಿನ ಎಣ್ಣೆ ತೆಳುವಾಗಿ ಅಲಗಿನ ಸುತ್ತ ಬೇಗ ಹರಿದು, ತಣ್ಣಗಿನ ಎಣ್ಣೆಗಿಂತ ಚೆನ್ನಾಗಿ ಬಿಸಿ ಎಳೆಯುತ್ತದೆ. ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಬೇಡ. ಅಡುಗೆಗೆ ಬಳಸುವ ಕತ್ತಿಗೆ ಅದರ ಕೊಳೆ ಯಾಕೆ, ನಿಮ್ಮ ಉಸಿರಿಗೆ ಅದರ ಹೊಗೆ ಯಾಕೆ? ನೀರಿನಲ್ಲಿ ಅದ್ದಿದರೆ ಸ್ಪ್ರಿಂಗ್ ಪ್ಲೇಟಿನ ಉಕ್ಕು ಬಿರಿಯುವ ಸಂಭವ ಹೆಚ್ಚು. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಲು ತಗಡಿನ ಮುಚ್ಚಳ ಕೈಗೆ ಸಿಗುವಲ್ಲಿರಲಿ. ನೀರು ಹಾಕಲೇಬಾರದು.

ಅಲಗನ್ನು ಬೆನ್ನು ಕೆಳಗೆ ಮಾಡಿ ಕೆಂಡದಲ್ಲಿಟ್ಟು ಹಿಂದೆ ಮುಂದೆ ಆಡಿಸುತ್ತ ಸಮವಾಗಿ ಕಾಯಿಸಿ. ಹಳೇ ಸ್ಪೀಕರಿನ ಅಯಸ್ಕಾಂತವೊಂದು ಹತ್ತಿರ ಇರಲಿ. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಹಾಗೆ ನಿಂತ ಮೇಲೆ ಬಣ್ಣ ಇನ್ನೊಂದು ಛಾಯೆ ಏರುವಷ್ಟು ಕಾಯಿಸಿ, ತುದಿ ಕೆಳಗೆ ಮಾಡಿ ಲಂಬವಾಗಿ ಎಣ್ಣೆಗೆ ಇಳಿಸಿ. ಮೇಲೆ ಕೆಳಗೆ ಆಡಿಸಬಹುದು. ಅಡ್ಡಕ್ಕೆ ಆಡಿಸಿದರೆ ಅಲಗು ಬಾಗುತ್ತದೆ. ಮಿಲ್ಲಿನ ಬ್ಲೇಡಿನಂಥ ತೆಳು ಉಕ್ಕಾದರೆ ಹೊಗೆ ನಿಂತ ಕೂಡಲೇ ಎತ್ತಿ ಎರಡು ದಪ್ಪ ಚಪ್ಪಟೆ ಕಬ್ಬಿಣದ ನಡುವೆ ಒತ್ತಿಡಿ, ನೇರವಾಗಿ ತಣಿಯುತ್ತದೆ.

ತಣಿದ ಅಲಗಿನ ಬಾಯಿಗೆ ಅರ ಎಳೆದು ನೋಡಿ. ಅರ ಕಚ್ಚದೆ ಜಾರಿದರೆ ಗಟ್ಟಿಯಾಗಿದೆ. ಕಚ್ಚಿದರೆ ಇನ್ನೊಮ್ಮೆ ಕಾಯಿಸಿ ಅದ್ದಬೇಕು. ಈಗ ಅದು ಗಾಜಿನಂತೆ ಪೆಡಸು, ಕೆಳಗೆ ಬಿದ್ದರೆ ಎರಡಾಗುತ್ತದೆ. ಹಾಗಾಗಿ ತಡಮಾಡದೆ ಎಣ್ಣೆ ಒರೆಸಿ, ಸ್ಯಾಂಡ್‌ಪೇಪರಿನಲ್ಲಿ ಹೊಳಪು ಮಾಡಿ, ಕೇಕು ಬೇಯಿಸುವ ಓವನ್‌ನಲ್ಲಿ 200 ಡಿಗ್ರಿಯಲ್ಲಿ ಒಂದೂವರೆ ಎರಡು ಗಂಟೆ ಇಡಿ. ಹೊರಗೆ ತೆಗೆದು ತಣಿಸಿ ಮತ್ತೊಮ್ಮೆ ಅಷ್ಟೇ ಹೊತ್ತು ಇಡಿ. ಹೊಳಪಿನ ಮೇಲೆ ಒಣಹುಲ್ಲಿನ ತಿಳಿ ಹಳದಿ ಬಂದಿದ್ದರೆ ಹದ ಸರಿ.

ಹಿಡಿ

ನನ್ನ ಆಯ್ಕೆ ಹಲಸು. ಹಳೇ ಮನೆ ಕೀಳುವಾಗ ಸಿಕ್ಕಿದ ಪಕ್ಕಾಸು, ಕಿಟಕಿಯ ದಾರಂದ ಇದ್ದರೆ ಅದಕ್ಕಿಂತ ಒಳ್ಳೇ ಮರ ಬೇರೆ ಇಲ್ಲ. ಹತ್ತಾರು ವರ್ಷ ಒಣಗಿದ್ದು, ಇನ್ನು ಕುಗ್ಗುವುದಿಲ್ಲ. ಅಜ್ಜನ ಮನೆಯ ಮರದ ಹಿಡಿ ಎಂದರೆ ಉಡುಗೊರೆಗೆ ಬೇರೆಯೇ ಬೆಲೆ. ಒಳಗೆ ಮೊಳೆ ಇದೆಯೇ ಎಂದು ಅಯಸ್ಕಾಂತದಲ್ಲಿ ನೋಡಿ ಕೊಯ್ಯಿರಿ. ಹುಣಸೆಯ ತಿರುಳು, ತೇಗ ಕೂಡ ಚೆನ್ನಾಗಿ ಬರುತ್ತವೆ. ಅಡಿಕೆ ಮರದ ಸಲಾಕೆ ನೋಡಲು ಚಂದ, ಆದರೆ ಒದ್ದೆ ಒಣ ಒದ್ದೆ ಒಣ ಆಗುತ್ತ ಸಿಬಿರು ಏಳುತ್ತದೆ. ರಬ್ಬರು ಮರ ಊರ ತುಂಬ ಇದೆ. ಮದ್ದು ಹಾಕಿ ಒಣಗಿಸದಿದ್ದರೆ ಹುಳವೂ ಬೂಸರೂ ಬೇಗ ಹಿಡಿಯುತ್ತವೆ.

ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಮಳೆಗಾಲದಲ್ಲಿ ಹಸಿ ಹೀರಿ ಉಬ್ಬಿದ ಮರಕ್ಕೆ ಕತ್ತಿ ಕೂರಿಸಿದರೆ ಬೇಸಗೆಯಲ್ಲಿ ಹಿಡಿ ಅಲ್ಲಾಡುತ್ತದೆ. ಮಕರ, ಕುಂಭ ತಿಂಗಳಲ್ಲಿ ಹಿಡಿಯ ಕೆಲಸ ಮಾಡಿಟ್ಟುಕೊಳ್ಳಿ.

ಉಕ್ಕಿನ ಎರಡೂ ಮಗ್ಗುಲಿಗೆ 9ರಿಂದ 10 ಮಿ.ಮೀ. ದಪ್ಪದ ಹಲಗೆ ಕೂರಿಸುವುದು ಸುಲಭದ ಕ್ರಮ. ಉಕ್ಕಿನ ತೂತಿನ ಮೂಲಕವೇ ಮರಕ್ಕೂ ತೂತು ಹೊಡೆಯಿರಿ. ಆಣಿಗೆ ಇಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ 8 ನಂಬರಿನ ತಾಮ್ರದ ಅರ್ಥಿಂಗ್ ಸರಿಗೆ ಸಾಕು, ದಪ್ಪ ಸುಮಾರು 4 ಮಿ.ಮೀ. ಇರುತ್ತದೆ. ಉಕ್ಕು, ಮರ ಎರಡನ್ನೂ ಉಜ್ಜಿ ಒರಟು ಮಾಡಿ, ಅರಾಲ್ಡೈಟ್ ಅಂಟು ಹಚ್ಚಿ, ಆಣಿ ತೂರಿಸಿ, ಕ್ಲಾಂಪಿನಲ್ಲಿ ಬಿಗಿದು ಒಂದು ದಿನ ಬಿಡಿ. ಆಮೇಲೆ ಆಣಿಯ ಎರಡೂ ತುದಿಯನ್ನು ಸುತ್ತಿಗೆಯಲ್ಲಿ ಮೆಲ್ಲ ತಟ್ಟಿ ಅಗಲಿಸಿ. ಸೊನೆ, ನೀರು ಒಳಹೋಗುವುದು ಉಕ್ಕು ಮರ ಸೇರುವ ಸಂದಿನಲ್ಲಿ, ಅಲ್ಲಿ ಅಂಟು ತುಂಬಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.

ಹಿಡಿಯನ್ನು ಉರುಟು ಮಾಡುವಾಗ ರಟ್ಟಿನ ಅಳತೆಯನ್ನು ಮತ್ತೆ ಮತ್ತೆ ನೋಡಿ. ಪೂರ್ತಿ ಉರುಟಾದರೆ ಒದ್ದೆ ಕೈಯಲ್ಲಿ ತಿರುಗುತ್ತದೆ. ಮೊಟ್ಟೆಯಾಕಾರವಿದ್ದರೆ ಬಾಯಿ ಯಾವ ಕಡೆಗಿದೆ ಎಂದು ನೋಡದೆಯೇ ಕೈಗೆ ಗೊತ್ತಾಗುತ್ತದೆ. ಕೊನೆಗೆ ಅಗಸೆ ಎಣ್ಣೆ ತೆಳುವಾಗಿ ಹಚ್ಚಿ ಒಣಗಿಸಿ, ಮೇಲಿಂದ ಜೇನುಮೇಣ ತಿಕ್ಕಿ. ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬಾರದು, ತಾನಾಗಿ ಕಾದು ಬೆಂಕಿ ಹಿಡಿಯುತ್ತದೆ, ಹರಡಿ ಒಣಗಿಸಿ. ಮರ ಉಳಿಯಲಿಕ್ಕೆ ನಮ್ಮಲ್ಲಿ ಬಳಸುವ ಗೇರೆಣ್ಣೆಯನ್ನು ಹಿಡಿಗೆ ಹಚ್ಚಲೇಬೇಡಿ, ಅಂಗೈ ಸುಟ್ಟು ಬೊಕ್ಕೆ ಏಳುತ್ತದೆ.

ಮಸೆಯುವುದು

ಕೋನ ಅಳೆಯಲು ಉಪಕರಣ ಬೇಡ. 3 ಸೆಂ.ಮೀ. ಅಗಲದ ಅಲಗನ್ನು ಕಲ್ಲಿನ ಮೇಲೆ ಚಪ್ಪಟೆ ಇಟ್ಟು ಬೆನ್ನನ್ನು 8 ಮಿ.ಮೀ. ಎತ್ತಿದರೆ 15 ಡಿಗ್ರಿ. ತರಕಾರಿಗೆ ಇದೇ ಸರಿ. ಹಲಸು, ಗಟ್ಟಿ ಕುಂಬಳಕ್ಕಾದರೆ 10 ಮಿ.ಮೀ. ಎತ್ತಿ, 20 ಡಿಗ್ರಿ ಆಗುತ್ತದೆ. ಮೊದಲು 400 ನಂಬರಿನ ಒರಟು ಮಸೆಕಲ್ಲು, ಆಮೇಲೆ 1000ದ ನುಣುಪಿನದ್ದು. ಒಂದು ಮಗ್ಗುಲು ಮಸೆಯುತ್ತ ಹೋದರೆ ಇನ್ನೊಂದು ಮಗ್ಗುಲಲ್ಲಿ ಬೆರಳಿಗೆ ತಾಗುವ ಸಣ್ಣ ಮಡಿಕೆ ಏಳುತ್ತದೆ. ಅದು ಬುಡದಿಂದ ತುದಿಯ ತನಕ ಎದ್ದರೆ ಮಾತ್ರ ಮಗ್ಗುಲು ಬದಲಿಸಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒರಟು ಮೈಮೇಲೆ ಹಿಮ್ಮುಖವಾಗಿ ಎಳೆದರೆ ಮಡಿಕೆ ಉದುರುತ್ತದೆ.

ಪರೀಕ್ಷೆಗೆ ಕಾಗದ ಕತ್ತರಿಸಿ ತೋರಿಸುವುದಕ್ಕಿಂತ ಆ ಮನೆಯ ಅಡುಗೆಯನ್ನೇ ಮಾಡಿ ನೋಡಿ. ಬಾಳೆದಿಂಡನ್ನು ತೆಳು ಬಿಲ್ಲೆಯಾಗಿ ಕೊರೆಯಿರಿ. ನಾರು ಎಳೆದುಕೊಂಡು ಬಾರದೆ ತುಂಡಾದರೆ ಬಾಯಿ ಬಂದಿದೆ. ಪತ್ರೊಡೆಗೆ ಕೆಸುವಿನ ಎಲೆಯ ಹಿಂದಿನ ದಪ್ಪ ನಾರನ್ನು ಎಲೆ ಹರಿಯದಂತೆ ಸವರಲು ಬಂದರೆ ಕತ್ತಿ ಕೊಡಲು ತಯಾರು.

ಮೆಟ್ಟುಕತ್ತಿ

ಮೆಟ್ಟುಕತ್ತಿಯ ಅಲಗನ್ನು ನೀವೇ ಬಡಿಯಲು ಹೋಗಬೇಡಿ, ಆಚಾರಿಗೆ ಬಿಡಿ. ಮರದ ಕೆಲಸ, ನಯಗೊಳಿಸುವ ಕೆಲಸ ನಿಮಗಿರಲಿ. ರಟ್ಟಿನ ಅಚ್ಚು ತೆಗೆದುಕೊಂಡು ಹೋಗಿ, "ಆಚಾರ್ರೇ, ಇದು ಹಲಸಿಗಲ್ಲ, ತರಕಾರಿಗೆ. ಬಾಯಿ ತೆಳು ಬೇಕು" ಎಂದು ಕೆಲಸ ಹೇಳಿ. ಬಾಗು ಎಷ್ಟು, ಮಣೆಯೊಳಗೆ ಇಳಿಯುವ ಬಾಲ ಎಷ್ಟು ಉದ್ದ ಎಂಬುದು ಅವರ ಲೆಕ್ಕ. ಅವರು ಹೇಳಿದ ಮಜೂರಿಯಲ್ಲಿ ಚೌಕಾಸಿ ಮಾಡಬೇಡಿ. ಕುಲುಮೆ ಉರಿಸುವವರು ಊರಿಗೊಬ್ಬರೂ ಉಳಿಯದ ಕಾಲ ಇದು, ನಮ್ಮ ಕೆಲಸ ಅವರಿಗೆ ಸಿಕ್ಕಿದರೇ ಕುಲುಮೆ ಉಳಿಯುವುದು.

ಅಲಗು ಮಣೆಯಿಂದ 18ರಿಂದ 20 ಸೆಂ.ಮೀ. ಎತ್ತರ ಇರಲಿ. ಬಾಯಿ ಕೊರೆಯುವವರ ಕಡೆಗೆ, ತುದಿ ಕೊಂಚ ಅವರತ್ತ ಬಾಗಿದ್ದರೆ ತರಕಾರಿ ಮೇಲಕ್ಕೆ ಜಾರುವುದಿಲ್ಲ. ಮಣೆಗೆ ಹಲಸಿನ ಹಲಗೆ, 45 ಸೆಂ.ಮೀ. ಉದ್ದ, ಒಂದು ಗೇಣಿಗಿಂತ ಕಡಿಮೆ ಅಗಲ, 4 ಸೆಂ.ಮೀ. ದಪ್ಪ. ಬಾಲ ಇಳಿಯುವ ತೂತನ್ನು ಉಳಿಯಲ್ಲಿ ಬಾಲಕ್ಕಿಂತ ಅರ್ಧ ಮಿ.ಮೀ. ಕಿರಿದಾಗಿ ಕೊರೆಯಿರಿ. ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಬಾಲವನ್ನು ಮಾತ್ರ ಕಾಯಿಸಿ ತೂರಿಸಿದರೆ ಮರ ಸುಟ್ಟುಕೊಂಡು ಬಾಲದ ಆಕಾರಕ್ಕೇ ಬಿಗಿಯುತ್ತದೆ. ಸಂದಿಗೆ ಹಿಂದಿನವರು ಅರಗು ಕರಗಿಸಿ ಹಾಕುತ್ತಿದ್ದರು, ಅದು ಈಗಲೂ ಒಳ್ಳೆಯದೇ. ಬಾಲದ ತುದಿ ಮಣೆಯ ಅಡಿಗೆ ಹೊರಬಂದರೆ ಮಡಚಿ ಹೂತುಬಿಡಿ.

ಈಗ ಒಂದು ಮಾತು ವಯಸ್ಸಾದವರ ಬಗ್ಗೆ. ಜೀವಮಾನವಿಡೀ ಮೆಟ್ಟುಕತ್ತಿಯಲ್ಲೇ ಕೊರೆದವರು ಮೊಣಕಾಲು ನೋವಿನಿಂದ ನೆಲದಲ್ಲಿ ಕೂರಲಾಗದೆ ಆ ಅಭ್ಯಾಸವನ್ನೇ ಬಿಡಬೇಕಾಗುತ್ತದೆ. ಉಪನಯನಕ್ಕೋ ಮದುವೆಗೋ ಹಿಂದಿನ ದಿನ ಎಲ್ಲರೂ ಸೇರಿ ತರಕಾರಿಗೆ ಕೂತಾಗ ಅವರೊಬ್ಬರು ಕುರ್ಚಿಯಲ್ಲಿ ಬರಿದೇ ನೋಡುತ್ತ ಇರುವುದು ನನಗೆ ಸಹಿಸಲಾಗದ ಸಂಗತಿ. ಅಂಥವರಿಗೆ ಮೇಜಿಗೆ ಕೂರುವ ಮೆಟ್ಟುಕತ್ತಿ ಮಾಡಿಕೊಡಿ. ಅಲಗನ್ನು ಮಣೆಯ ಮುಂತುದಿಯ ಹತ್ತಿರ, ಅಂದರೆ ಅವರು ಕೂರುವ ಕಡೆಗೆ ಕೂರಿಸಿ. ಮಣೆಯ ಅಡಿಯಲ್ಲಿ ಅದೇ ತುದಿಗೆ ಅಡ್ಡಪಟ್ಟಿಯೊಂದನ್ನು ಸ್ಕ್ರೂ ಹಾಕಿ ಬಿಗಿಯಿರಿ. ಆ ಪಟ್ಟಿ ಮೇಜಿನ ಅಂಚಿಗೆ ಸಿಕ್ಕಿಕೊಂಡು, ತರಕಾರಿ ಮುಂದಕ್ಕೆ ದೂಡುವಾಗ ಮಣೆ ಜಾರದಂತೆ ತಡೆಯುತ್ತದೆ. ಹಿಂಬದಿಯನ್ನು ಒಂದು ಕ್ಲಾಂಪಿನಲ್ಲಿ ಮೇಜಿಗೆ ಹಿಡಿಸಿ. ಕಾಲಿನಿಂದ ಮೆಟ್ಟುವ ಕೆಲಸವನ್ನು ಕ್ಲಾಂಪು ಮಾಡುತ್ತದೆ. ಮೇಜು ತುಸು ತಗ್ಗಿದ್ದಷ್ಟೂ ಅನುಕೂಲ. ಕೂತಾಗ ಅಲಗಿನ ತುದಿ ಎದೆಮಟ್ಟಕ್ಕಿಂತ ಕೆಳಗಿರಲೇಬೇಕು. ಕೆಲಸವಿಲ್ಲದಾಗ ಅಲಗಿಗೆ ಒರೆ ತೊಡಿಸಿ ಮಣೆಯನ್ನು ಮಗ್ಗುಲು ಮಲಗಿಸಿ ಇಡಬೇಕು, ಮಕ್ಕಳಿರುವ ಮನೆಯಲ್ಲಂತೂ ಎತ್ತರದಲ್ಲಿ.

ಒರೆ, ಮತ್ತು ಕೊಡುವ ಹೊತ್ತು

ಒರೆಗೆ ಅಡಿಕೆ ಹಾಳೆ. ಒಳ್ಳೇ ಹಾಳೆಯೊಂದನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಮೆತ್ತಗಾದಾಗ ಒಳಮೈ ಒಳಕ್ಕೇ ಇರುವಂತೆ, ನಾರು ಅಲಗಿನ ಉದ್ದಕ್ಕೆ ಬರುವಂತೆ ಮಡಚಿ. ನಡುವೆ ಅಲಗಿಗಿಂತ ಕೊಂಚ ದಪ್ಪದ ಮರದ ಪಟ್ಟಿ ಇಟ್ಟು ಮೇಲೆ ಭಾರ ಹೇರಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ತೆರೆದ ಅಂಚಿಗೆ ದಬ್ಬಣದಲ್ಲಿ ತೂತು ಮಾಡಿ ದಪ್ಪ ನೂಲಿನಲ್ಲಿ ಹೊಲಿಯಿರಿ. ಬಾಯಿ ಹೊಲಿಗೆಯನ್ನು ಕೊಯ್ಯದಂತೆ ಆ ಅಂಚಿನ ಒಳಗೆ ಇನ್ನೊಂದು ಹಾಳೆಯ ತೆಳು ಪಟ್ಟಿ ಸೇರಿಸಿ ಹೊಲಿದರೆ ಬಹುಕಾಲ ಬರುತ್ತದೆ. ಮಳೆಗಾಲದಲ್ಲಿ ಹಾಳೆಗೆ ಬೂಸರು ಬರುವುದುಂಟು, ಆಗಾಗ ಬಿಸಿಲಿಗೋ ಒಲೆಯ ಮೇಲಿನ ಅಟ್ಟಕ್ಕೋ ಹಾಕಬೇಕು. ಒದ್ದೆ ಕತ್ತಿಯನ್ನು ಒರೆಗೆ ಹಾಕಲೇಬಾರದು.

ಸಾಧ್ಯವಾದರೆ ಜತೆಗೊಂದು ಮರದ ಮಣೆಯನ್ನೂ ಕೊಡಿ. ಗ್ರಾನೈಟ್ ಕಟ್ಟೆಯ ಮೇಲೆ ನೇರ ಕೊರೆದರೆ ನೀವು ಮಸೆದ ಬಾಯಿ ಒಂದೇ ದಿನಕ್ಕೆ ಹೋಗುತ್ತದೆ.

ಸ್ಟೀಲಿನ ಚಾಕುವಿಗೆ ಒಗ್ಗಿದವರಿಗೆ ಎರಡು ಮಾತು ಬಾಯಿಬಿಟ್ಟು ಹೇಳಬೇಕು. ಈ ಉಕ್ಕು ಬಾಳೆಕಾಯಿ, ಮಾವಿನಕಾಯಿ ಕೊರೆದ ಮೊದಲ ವಾರದಲ್ಲೇ ಕಪ್ಪು ನೀಲಿಯಾಗುತ್ತದೆ. ಅದು ಕೊಳೆಯಲ್ಲ, ತುಕ್ಕು ತಡೆಯುವ ಪದರ. ಪಾತ್ರೆ ತಿಕ್ಕುವ ಸ್ಟೀಲಿನ ನಾರಿನಿಂದ ತಿಕ್ಕಬಾರದು. ಕೆಂಪು ತುಕ್ಕು ಕಂಡರೆ ಬಿಂಬುಳಿಯನ್ನು ಎರಡು ಮಾಡಿ ಉಜ್ಜಿ ತೊಳೆದು, ಒರೆಸಿ, ತೆಂಗಿನೆಣ್ಣೆ ಸವರಿದರೆ ಆಯಿತು. ಕೊರೆದ ಕೂಡಲೇ ತೊಳೆದು ಒರೆಸಿಡುವುದನ್ನು ಮಳೆಗಾಲದಲ್ಲಿ ಒಂದು ದಿನವೂ ತಪ್ಪಿಸುವಂತಿಲ್ಲ. ಹಲಸಿನಕಾಯಿ ಕೊರೆಯುವ ಮುಂಚೆ ಅಲಗಿಗೆ ಎಣ್ಣೆ ಹಚ್ಚಿಕೊಂಡರೆ ಮೇಣ ಅಂಟುವುದಿಲ್ಲ, ಇದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ಹಿರಿಯರಿಗೆ ಕೊಡುವುದಾದರೆ ಒರೆಯಲ್ಲಿಟ್ಟು, ಹರಿವಾಣದಲ್ಲಿ ವೀಳ್ಯದೆಲೆ ಅಡಿಕೆಯೊಂದಿಗೆ ಎದುರು ಇಡಿ, ಅವರೇ ಎತ್ತಿಕೊಳ್ಳಲಿ. ನವರಾತ್ರಿಯ ಆಯುಧಪೂಜೆಗೆ ಮುಂಚೆ ಮುಗಿಸಿ ಕೊಟ್ಟರೆ ಪೂಜೆಗೆ ಇಟ್ಟೇ ಬಳಸಲು ತೊಡಗುತ್ತಾರೆ.

ಕೊಲ್ಲಿಯಲ್ಲಿರುವ ತಂಗಿಗೋ ಬೆಂಗಳೂರಿನ ಸೊಸೆಗೋ ವಿಮಾನದಲ್ಲಿ ಕಳಿಸುವುದಾದರೆ ಕೈಚೀಲದಲ್ಲಿ ಕತ್ತಿ ಬಿಡುವುದಿಲ್ಲ. ಚೆಕ್-ಇನ್ ಬ್ಯಾಗಿನಲ್ಲೇ ಇರಬೇಕು. ಅಲಗಿಗೆ ತೆಂಗಿನೆಣ್ಣೆ ಸವರಿ, ಒರೆ ಹಾಕಿ, ಒರೆಯ ಬಾಯನ್ನು ಹಿಡಿಗೆ ಸೇರಿಸಿ ನೂಲಿನಿಂದ ಬಿಗಿಯಾಗಿ ಕಟ್ಟಿ, ದಪ್ಪ ರಟ್ಟಿನ ಎರಡು ತುಂಡಿನ ನಡುವೆ ಟೇಪು ಸುತ್ತಿ, ಬಟ್ಟೆಗಳ ಮಧ್ಯದಲ್ಲಿ ಇಡಿ. ರಟ್ಟಿನ ಮೇಲೆ ಅಡುಗೆ ಕತ್ತಿ ಎಂದು ಇಂಗ್ಲಿಷಿನಲ್ಲೂ ಬರೆದುಬಿಡಿ, ಬ್ಯಾಗು ತೆರೆದು ನೋಡುವವರ ಕೈಗೆ ಗಾಯವಾಗಬಾರದು.